ತೂಕದ ಯಂತ್ರಕ್ಕೆ ಕೇಳಬಾರದ ಪ್ರಶ್ನೆಗಳು

(ಸಭೆಯಲ್ಲಿ ಆಡಿದ ಮಾತುಗಳನ್ನೇ ಓದಿಗೆ ಒಗ್ಗುವಂತೆ ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ. ಕೊನೆಯಲ್ಲಿ ಕೇಳುಗರ ಮೂರು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ನಿಮಗೆಲ್ಲ ಅರ್ಧ ಲೀಟರಿನ ನೀರಿನ ಬಾಟಲಿ ಕೊಟ್ಟರು. ಮುಂದಿನ ಸಾಲಿನವರಲ್ಲಿ ಕೆಲವರು ಆಗಲೇ ಖಾಲಿ ಮಾಡಿದ್ದೀರಿ. ಈಗ ನಿಮ್ಮನ್ನು ತೂಗಿದರೆ ಹತ್ತು ನಿಮಿಷದ ಹಿಂದಿಗಿಂತ ಅರ್ಧ ಕೆಜಿ ಹೆಚ್ಚು ತೂಗುತ್ತೀರಿ. ಹಾಗಾದರೆ ದಪ್ಪಗಾದಿರಾ? ಇಲ್ಲ ಅಂತ ತಲೆಯಾಡಿಸುತ್ತಿದ್ದೀರಿ, ಕೆಲವರು ನಗುತ್ತಿದ್ದೀರಿ. ಆದರೆ ಇದೇ ಅರ್ಧ ಕೆಜಿ ಬೆಳಿಗ್ಗೆ ಮನೆಯ ಯಂತ್ರದ ಮೇಲೆ ಕಂಡಾಗ ನಗು ಬರುವುದಿಲ್ಲ. ನಿನ್ನೆ ನಡೆದದ್ದು ದಂಡ, ಬಾಯಿ ಕಟ್ಟಿದ್ದು ದಂಡ ಅನಿಸುತ್ತದೆ. ಅಂಥ ಒಂದು ಬೆಳಿಗ್ಗೆಯಿಂದ ಎಲ್ಲವನ್ನೂ ಕೈಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಅವರಿಗಾಗಿಯೇ ಈ ಮಾತು.

ನಾನು ಫಿಸಿಯೋಥೆರಪಿಸ್ಟ್. ಇಪ್ಪತ್ತೆರಡು ವರ್ಷದಿಂದ ಮಂಡಿನೋವು, ಬೆನ್ನುನೋವು ಅಂತ ಬರುವವರ ಜತೆ ಕೆಲಸ ಮಾಡುತ್ತಿದ್ದೇನೆ. ಅವರಲ್ಲಿ ಬಹಳ ಜನರ ಚೀಟಿಯ ಮೇಲೆ ವೈದ್ಯರು ಬರೆದಿರುವ ಒಂದು ಸಾಲು: ತೂಕ ಇಳಿಸಿ. ಎಷ್ಟು ಇಳಿಯಿತು ಅಂತ ನೋಡುವುದು ಹೇಗೆ ಅನ್ನುವುದನ್ನು ಯಾರೂ ಬರೆದಿರುವುದಿಲ್ಲ. ಯಂತ್ರ ಇದೆಯಲ್ಲ, ಬರೆಯುವುದೇನಿದೆ ಅನ್ನುವ ನಂಬಿಕೆ.

ಒಬ್ಬ ಹೆಂಗಸು, ನಲವತ್ತೈದರ ಆಸುಪಾಸು, ಎಂಟು ವಾರ ನನ್ನ ಹತ್ತಿರ ಬರುತ್ತಿದ್ದರು. ಒಂದು ದಿನ ಬಂದವರೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟರು. "ಎಂಟು ವಾರಕ್ಕೆ ಒಂದೂವರೆ ಕೆಜಿ, ಮೇಡಂ. ಇದಕ್ಕೇನಾ ಇಷ್ಟೆಲ್ಲ?" ನಮ್ಮ ಕ್ಲಿನಿಕ್ಕು ಎರಡನೇ ಮಹಡಿಯಲ್ಲಿದೆ. ಲಿಫ್ಟಲ್ಲಿ ಬಂದಿರಾ ಅಂತ ಕೇಳಿದೆ. ಇಲ್ಲ, ಮೆಟ್ಟಿಲು ಹತ್ತಿ ಬಂದೆ ಅಂದರು. ಕಂಬಿ ಹಿಡಿದುಕೊಂಡಿರಾ ಅಂದೆ. ಅವರು ತಟ್ಟನೆ ಅಳು ನಿಲ್ಲಿಸಿ ನನ್ನ ಮುಖ ನೋಡಿದರು. ಮೊದಲ ದಿನ ಅವರು ಲಿಫ್ಟಿಗೆ ಕಾದು ಬಂದಿದ್ದರು, ಲಿಫ್ಟಿನಿಂದ ನನ್ನ ಕೋಣೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ಒಮ್ಮೆ ನಿಂತಿದ್ದರು. ಅದು ನನ್ನ ಪುಸ್ತಕದಲ್ಲಿತ್ತು, ಅವರ ನೆನಪಿನಲ್ಲಿ ಇರಲಿಲ್ಲ. ಅವರ ನೆನಪಿನಲ್ಲಿ ಇದ್ದದ್ದು ಒಂದೇ ಸಂಖ್ಯೆ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟು. ತೂಕದ ಯಂತ್ರ ಸುಳ್ಳು ಹೇಳುವುದಿಲ್ಲ. ಭೂಮಿ ನಿಮ್ಮನ್ನು ಈ ಹೊತ್ತು ಎಷ್ಟು ಬಲವಾಗಿ ಎಳೆಯುತ್ತಿದೆ ಅನ್ನುವ ಪ್ರಶ್ನೆಗೆ ಅದರದ್ದು ಸರಿಯಾದ ಉತ್ತರ. ನಾವು ಕೇಳುವುದು ಬೇರೆ ಪ್ರಶ್ನೆ: ಕೊಬ್ಬು ಕರಗಿತಾ, ಆರೋಗ್ಯ ಸುಧಾರಿಸಿತಾ, ನಿನ್ನೆ ಪಟ್ಟ ಕಷ್ಟಕ್ಕೆ ಬೆಲೆ ಇತ್ತಾ. ಈ ಒಂದೊಂದು ಪ್ರಶ್ನೆಗೂ ಅದರದ್ದೇ ಅಳತೆ ಇದೆ, ಒಂದೊಂದು ಅಳತೆಗೂ ಅದರದ್ದೇ ನಿಧಾನ ಇದೆ. ಕಾಳು ಬಿತ್ತಿ ಮಾರನೇ ದಿನ ಕೆದಕಿ ನೋಡಿದವನಿಗೆ ಮೊಳಕೆ ಕಾಣುವುದಿಲ್ಲ, ಮುಂದೆ ಮೊಳಕೆ ಬರುವುದೂ ಇಲ್ಲ.

ದಿನದಿನವೂ ತನ್ನನ್ನು ತಾನೇ ತೂಗಿಕೊಳ್ಳುವ ಚಟವನ್ನು ವಿಜ್ಞಾನ ಮಾಡಿದವನು ಸ್ಯಾಂಟೋರಿಯೋ ಅನ್ನುವ ವೈದ್ಯ. 1561ರಲ್ಲಿ ಹುಟ್ಟಿ ಇಟಲಿಯ ಪಡುವಾದಲ್ಲಿ ಪಾಠ ಹೇಳಿದವನು. ದೊಡ್ಡ ತಕ್ಕಡಿಯ ತೊಲೆಗೆ ಕುರ್ಚಿ ತೂಗುಹಾಕಿಸಿ ಅದರ ಮೇಲೆ ಕೂತು ಉಂಡ, ತಿಂದದ್ದನ್ನು ತೂಗಿದ, ಕುಡಿದದ್ದನ್ನು ತೂಗಿದ, ಮಲಮೂತ್ರವನ್ನೂ ತೂಗಿದ. ಸುಮಾರು ಮೂವತ್ತು ವರ್ಷ ಇದನ್ನೇ ಮಾಡಿ 1614ರಲ್ಲಿ ಪ್ರಕಟಿಸಿದ. ಅವನ ಲೆಕ್ಕದಲ್ಲಿ ದಿನಕ್ಕೆ ಎಂಟು ಪೌಂಡು ಒಳಗೆ ಹೋದರೆ ಸುಮಾರು ಐದು ಪೌಂಡು ಕಣ್ಣಿಗೆ ಕಾಣದ ಹಾಗೆ ಹೊರಟುಹೋಗುತ್ತಿತ್ತು, ಉಸಿರಿನಲ್ಲಿ, ಚರ್ಮದಿಂದ ಹಾರಿಹೋಗುವ ತೇವದಲ್ಲಿ. ನನಗೆ ಈ ಮನುಷ್ಯನ ಮೇಲೆ ಬಹಳ ಗೌರವ. ಮೈತೂಕ ಅನ್ನುವುದು ಗಟ್ಟಿ ವಸ್ತುವಿನ ಲೆಕ್ಕವಲ್ಲ, ಬಂದು ಹೋಗುತ್ತಲೇ ಇರುವುದರ ಲೆಕ್ಕ ಅಂತ ನಾನೂರು ವರ್ಷದ ಹಿಂದೆಯೇ ತೋರಿಸಿಬಿಟ್ಟ.

ಕೊಬ್ಬು ಕರಗಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಬೆವರಾಗಿ, ಶಾಖವಾಗಿ, ಮಲವಾಗಿ ಅಂತ ಹೇಳುವವರೇ ಹೆಚ್ಚು. 2014ರಲ್ಲಿ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಅನ್ನುವ ಇಬ್ಬರು ಲೆಕ್ಕ ಹಾಕಿ ತೋರಿಸಿದರು: 10 ಕೆಜಿ ಕೊಬ್ಬು ಪೂರ್ತಿ ಉರಿದರೆ 8.4 ಕೆಜಿ ಇಂಗಾಲದ ಡೈಆಕ್ಸೈಡಾಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕೆಜಿ ನೀರಾಗುತ್ತದೆ. ಬಹುಪಾಲು ಕೊಬ್ಬನ್ನು ನಾವು ಉಸಿರಾಡಿಯೇ ಹೊರಹಾಕುತ್ತೇವೆ. ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಬೆವರು ಹರಿಸಿ ಒಂದು ಕೆಜಿ ಇಳಿಸಿದೆ ಅನ್ನುವವರು ಕಳೆದುಕೊಂಡದ್ದು ಒಂದು ಲೀಟರ್ ನೀರು. ಕುಡಿದ ಕೂಡಲೇ ಅದು ವಾಪಸು.

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. ಇಡೀ ಉಪನ್ಯಾಸದಲ್ಲಿ ನೀವು ಒಂದೇ ಒಂದನ್ನು ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ. ಮೈಯ ಒಂದು ಕೆಜಿ ಕೊಬ್ಬಿನಲ್ಲಿ ಹೆಚ್ಚುಕಮ್ಮಿ 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿಕೊಂಡಿದ್ದೀರಿ ಅಂದುಕೊಳ್ಳಿ. ಅದು ಸಣ್ಣ ಸಾಧನೆಯಲ್ಲ. 500ನ್ನು 7,700ರಿಂದ ಭಾಗಿಸಿದರೆ ದಿನಕ್ಕೆ ಕರಗುವ ಕೊಬ್ಬು ಸುಮಾರು 65 ಗ್ರಾಂ. ಬರೀ 65 ಗ್ರಾಂ. ಮನೆಯ ಯಂತ್ರಗಳಲ್ಲಿ ಬಹಳಷ್ಟು ತೋರಿಸುವುದು ನೂರು ನೂರು ಗ್ರಾಮಿನ ಲೆಕ್ಕದಲ್ಲಿ, ಅಂದರೆ ಒಂದು ದಿನದ ಕೆಲಸ ಅದರ ಕಣ್ಣಿಗೇ ಬೀಳದು. ಇನ್ನೊಂದು ಕಡೆ ನೀರು, ಉಪ್ಪು, ಹೊಟ್ಟೆಯೊಳಗಿನ ಊಟ, ಆಗದ ಮಲವಿಸರ್ಜನೆ ಇವೆಲ್ಲ ಸೇರಿ ಒಂದೇ ದಿನದಲ್ಲಿ ತೂಕವನ್ನು ಒಂದೆರಡು ಕೆಜಿ ಮೇಲೆ ಕೆಳಗೆ ಮಾಡುತ್ತವೆ. ಜಾತ್ರೆಯ ಗದ್ದಲದಲ್ಲಿ ಯಾರೋ ಪಿಸುಗುಟ್ಟಿದ ಹಾಗೆ. ಪಿಸುಮಾತು ನಿಜವಾಗಿಯೂ ಇದೆ, ಆದರೆ ಆ ಗದ್ದಲದಲ್ಲಿ ಒಂದು ದಿನ ಕಿವಿಯಿಟ್ಟರೆ ಕೇಳಿಸುವುದು ಗದ್ದಲವೇ. (ಈ 7,700ರ ಲೆಕ್ಕ ತಿಂಗಳುಗಟ್ಟಲೆ ಹೀಗೇ ಸಾಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಮೈ ಹಗುರಾದಂತೆ ಅದರ ಖರ್ಚೂ ತಗ್ಗುತ್ತದೆ, ಇಳಿಕೆ ನಿಧಾನವಾಗುತ್ತದೆ.)

ಮೊದಲ ವಾರದಲ್ಲಿ ಮೂರು ಕೆಜಿ ಇಳಿಯಿತು ಅನ್ನುವ ಪವಾಡದ ಗುಟ್ಟೂ ನೀರಿನಲ್ಲೇ ಇದೆ. ಮೈ ತನಗೆ ತಕ್ಷಣ ಬೇಕಾದ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ, ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ. ಒಂದೊಂದು ಗ್ರಾಮಿನ ಜತೆಗೆ ಮೂರು ಗ್ರಾಮಿನಷ್ಟು ನೀರು ಕಟ್ಟಿಕೊಂಡಿರುತ್ತದೆ. ಊಟ ಒಮ್ಮೆಲೇ ಕಡಿಮೆಯಾದಾಗ ಮೊದಲು ಖಾಲಿಯಾಗುವುದು ಈ ಉಗ್ರಾಣ, ಜತೆಗೆ ಆ ನೀರು. ಎರಡೂ ಸೇರಿ ಎರಡು ಕೆಜಿಯವರೆಗೆ ಆಯಿತು. ಎರಡು ದಿನ ಹೊಟ್ಟೆತುಂಬ ಉಂಡರೆ ಮತ್ತೆ ತುಂಬಿಕೊಳ್ಳುತ್ತದೆ. ಇಳಿದದ್ದೂ ಕೊಬ್ಬಲ್ಲ, ಏರಿದ್ದೂ ಕೊಬ್ಬಲ್ಲ. ಆದರೆ ಇಳಿದಾಗ ಹಿಗ್ಗಿದವರು ಏರಿದಾಗ ಕುಸಿಯುತ್ತಾರೆ, ಅದೇ ನನ್ನ ಸಂಕಟ.

ಹೊಸದಾಗಿ ವ್ಯಾಯಾಮ ಶುರುಮಾಡಿದವರಿಗೆ ಇನ್ನೊಂದು ಗಂಡಾಂತರ. ಅಭ್ಯಾಸವಿಲ್ಲದ ಮಾಂಸಖಂಡಕ್ಕೆ ಕೆಲಸ ಕೊಟ್ಟಾಗ ಒಳಗೆ ಸಣ್ಣ ಸಣ್ಣ ಗಾಯಗಳಾಗುತ್ತವೆ, ರಿಪೇರಿಗೆಂದು ಅಲ್ಲಿ ನೀರು ನಿಲ್ಲುತ್ತದೆ. ಮೊದಲ ಒಂದೆರಡು ವಾರ ತೂಕ ಏರಬಹುದು. ಹೆಚ್ಚಿನವರು ಬಿಟ್ಟುಬಿಡುವುದು ಆಗಲೇ. ಮುಟ್ಟಾಗುವ ಹೆಣ್ಣುಮಕ್ಕಳಲ್ಲಿ ಮುಟ್ಟಿಗೆ ಮುಂಚಿನ ಕೆಲವು ದಿನ ಮೈ ನೀರು ಹಿಡಿದು ಒಂದು ಕೆಜಿ, ಕೆಲವರಿಗೆ ಅದಕ್ಕೂ ಹೆಚ್ಚು ಕಾಣಿಸುತ್ತದೆ. ಇವರು ಈ ವಾರವನ್ನು ಹೋದ ವಾರದ ಜತೆ ಹೋಲಿಸಲೇಬಾರದು. ಹೋದ ತಿಂಗಳ ಇದೇ ಹೊತ್ತಿನ ವಾರದ ಜತೆ ಹೋಲಿಸಬೇಕು. ಇಷ್ಟು ಸರಳ ಸಂಗತಿಯನ್ನು ಹುಡುಗಿಯರಿಗೆ ಯಾರೂ ಹೇಳಿಕೊಡುವುದಿಲ್ಲ.

ಹಾಗಾದರೆ ಯಂತ್ರವನ್ನು ಎತ್ತಿ ಅಟ್ಟಕ್ಕೆ ಹಾಕಬೇಕಾ? ನಾನು ಹಾಗೆ ಹೇಳುವುದಿಲ್ಲ. ಅಮೆರಿಕದಲ್ಲಿ 1994ರಿಂದ ಒಂದು ದಾಖಲಾತಿ ನಡೆಯುತ್ತಿದೆ. ಕನಿಷ್ಠ 13.6 ಕೆಜಿ ಇಳಿಸಿ, ಒಂದು ವರ್ಷವಾದರೂ ಅದನ್ನು ಉಳಿಸಿಕೊಂಡವರು ಅದರ ಸದಸ್ಯರು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುವವರು. ಯಂತ್ರ ಬೇಕು, ಅದರ ಮಾತನ್ನು ಕೇಳುವ ಕ್ರಮ ಬೇರೆ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನದೆ ಕುಡಿಯದೆ, ಹೆಚ್ಚುಕಮ್ಮಿ ಒಂದೇ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲಿಟ್ಟ ಯಂತ್ರದಲ್ಲಿ ತೂಗಿ ಬರೆದಿಡಿ. ಆ ದಿನದ ಸಂಖ್ಯೆಗೆ ಅರ್ಥ ಹಚ್ಚಬೇಡಿ. ಏಳು ದಿನ ಕೂಡಿಸಿ ಏಳರಿಂದ ಭಾಗಿಸಿ. ಈ ವಾರದ ಸರಾಸರಿಯನ್ನು ಹೋದ ವಾರದ ಸರಾಸರಿಯ ಪಕ್ಕ ಇಡಿ, ಹೀಗೆ ನಾಲ್ಕು ವಾರ ಸಾಲಾಗಿ ನೋಡಿ. ಪಿಸುಮಾತು ಆಗ ಕೇಳುತ್ತದೆ. ಸಂಖ್ಯೆ ಕಂಡರೆ ಇಡೀ ದಿನ ಮನಸ್ಸು ಕೆಡುತ್ತದೆ ಅನ್ನುವವರು, ಊಟದ ಬಗ್ಗೆ ವಿಪರೀತ ಭಯ ಇರುವವರು, ಉಂಡದ್ದನ್ನು ಕಕ್ಕುವ ಹಂತಕ್ಕೆ ಹೋದವರು ತೂಗಿಕೊಳ್ಳುವುದೇ ಬೇಡ. ಅವರಿಗೆ ಮೊದಲು ಬೇಕಾದದ್ದು ವೈದ್ಯರ ನೆರವು, ಅದನ್ನು ಕೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕೊಬ್ಬು ಕರಗುತ್ತಿದೆಯಾ ಅನ್ನುವ ಪ್ರಶ್ನೆಗೆ ನಾನು ಹೆಚ್ಚು ನಂಬುವುದು ಅಳತೆ ಟೇಪನ್ನು. ಕೊಬ್ಬಿನಲ್ಲಿ ಚರ್ಮದ ಕೆಳಗಿನದು ಒಂದು ಬಗೆ, ಹೊಟ್ಟೆಯೊಳಗೆ ಕರುಳು, ಪಿತ್ತಜನಕಾಂಗಗಳ ಸುತ್ತ ಕೂರುವುದು ಇನ್ನೊಂದು ಬಗೆ. ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ದಾರಿ ಮಾಡುವುದು ಹೆಚ್ಚಾಗಿ ಈ ಎರಡನೆಯದು. ಅದರ ಗುರುತು ತೂಕಕ್ಕಿಂತ ಸೊಂಟದ ಸುತ್ತಳತೆಯಲ್ಲಿ ಚೆನ್ನಾಗಿ ಸಿಗುತ್ತದೆ. ಅಳೆಯುವ ಜಾಗ ಪ್ಯಾಂಟು ಕಟ್ಟುವ ಜಾಗವಲ್ಲ, ಅಲ್ಲೇ ಎಲ್ಲರೂ ತಪ್ಪುವುದು. ಪಕ್ಕದಲ್ಲಿ ಬೆರಳಿಟ್ಟು ಕೊನೆಯ ಪಕ್ಕೆಲುಬಿನ ಕೆಳಅಂಚನ್ನು ಹುಡುಕಿ, ಸೊಂಟದ ಮೂಳೆಯ ಮೇಲಂಚನ್ನು ಹುಡುಕಿ. ಎರಡರ ನಟ್ಟನಡುವೆ ಟೇಪು ನೆಲಕ್ಕೆ ಸಮವಾಗಿ ಸುತ್ತಬೇಕು. ಹಿಂದೆ ಜಾರಿದೆಯಾ ಅಂತ ಕನ್ನಡಿಯಲ್ಲಿ ನೋಡಿ. ಟೇಪು ಮೈಗೆ ತಾಗಿರಲಿ, ಚರ್ಮ ಒತ್ತುವುದು ಬೇಡ. ಹೊಟ್ಟೆ ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿ. ಎರಡು ಸಲ ಅಳೆದು ಎರಡರ ಸರಾಸರಿ ಬರೆದಿಡಿ. ತಿಂಗಳಿಗೆ ಎರಡು ಸಲ ಸಾಕು, ಒಂದು ಸಲ ಆದರೂ ಸಾಕು.

ಎಷ್ಟಿದ್ದರೆ ಸರಿ ಅನ್ನುವುದಕ್ಕೆ ಗೆರೆಗಳಿವೆ. ದಕ್ಷಿಣ ಏಷ್ಯಾ ಮೂಲದವರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಯುರೋಪ್ ಮೂಲದ ಗಂಡಸರಿಗೆ ಇದು 94. ಇದನ್ನೆಲ್ಲ ನೆನಪಿಟ್ಟುಕೊಳ್ಳಲು ಆಗದಿದ್ದರೆ ಒಂದು ದಾರ ತೆಗೆದುಕೊಳ್ಳಿ. ನಿಮ್ಮ ಎತ್ತರದಷ್ಟು ಕತ್ತರಿಸಿ, ನಡುವೆ ಮಡಚಿ. ಆ ಅರ್ಧ ದಾರ ಸೊಂಟವನ್ನು ಸುತ್ತಿ ಬಂದರೆ ಒಳ್ಳೆಯದು, ಬಾರದಿದ್ದರೆ ಕೆಲಸ ಬಾಕಿ ಇದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಮಾಡುವ ನೈಸ್ ಸಂಸ್ಥೆ 2022ರಲ್ಲಿ ಜನರಿಗೆ ಹೇಳಿದ್ದೂ ಇದನ್ನೇ: ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ.

ಬೆಲ್ಟಿನ ತೂತು, ಬೆರಳಿನ ಉಂಗುರ ಇವೂ ಟೇಪುಗಳೇ. ನಾನು ಹೇಳುವುದು ಹಿಗ್ಗದ ಬಟ್ಟೆಯ ಒಂದು ಪ್ಯಾಂಟನ್ನು ಬೇರೆಯಾಗಿ ತೆಗೆದಿಟ್ಟು ತಿಂಗಳಿಗೊಮ್ಮೆ ಹಾಕಿ ನೋಡಿ ಅಂತ. ಫೋಟೊ ತೆಗೆಯುವುದಾದರೆ ಅದೇ ಜಾಗ, ಅದೇ ಬೆಳಕು, ಅದೇ ನಿಲುವು, ನಾಲ್ಕು ವಾರಕ್ಕೊಂದು. ದಿನಾ ಕನ್ನಡಿ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ.

ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರಗಳ ಬಗ್ಗೆ ಎಲ್ಲ ಕಡೆಯೂ ಕೇಳುತ್ತಾರೆ. ಅದು ಕೊಬ್ಬನ್ನು ಅಳೆಯುವುದೇ ಇಲ್ಲ. ಅಂಗಾಲಿನಿಂದ ಸಣ್ಣ ವಿದ್ಯುತ್ತು ಹರಿಸಿ ಎಷ್ಟು ತಡೆ ಸಿಕ್ಕಿತು ಅಂತ ಅಳೆದು, ಉಳಿದದ್ದನ್ನು ಸೂತ್ರ ಹಾಕಿ ಊಹಿಸುತ್ತದೆ. ವಿದ್ಯುತ್ತು ನೀರಿನಲ್ಲಿ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯುವುದಿಲ್ಲ. ಮೈ ಒಣಗಿದ್ದರೆ ಕೊಬ್ಬು ಹೆಚ್ಚಾದಂತೆ ತೋರಿಸಬಹುದು. ಒಂದೇ ಯಂತ್ರ, ಒಂದೇ ಹೊತ್ತು, ತಿಂಗಳುಗಳ ಓಟ ನೋಡುವುದಾದರೆ ಇಟ್ಟುಕೊಳ್ಳಿ. ಮಂಗಳವಾರಕ್ಕಿಂತ ಬುಧವಾರ ಅರ್ಧ ಪರ್ಸೆಂಟ್ ಇಳಿಯಿತು ಅನ್ನುವುದಕ್ಕೆ ಅರ್ಥವಿಲ್ಲ. ಎಕ್ಸ್‌ರೇ ಹಾಯಿಸಿ ಮೈಯ ಕೊಬ್ಬು, ಸ್ನಾಯು, ಮೂಳೆಗಳನ್ನು ಬೇರೆ ಬೇರೆಯಾಗಿ ಅಳೆಯುವ ಡೆಕ್ಸಾ ಸ್ಕ್ಯಾನ್ ಇದಕ್ಕಿಂತ ಎಷ್ಟೋ ನಂಬಿಕಸ್ಥ, ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಅದರ ಅಗತ್ಯ ಬೀಳುವುದಿಲ್ಲ.

ಕೊಬ್ಬಿಗಿಂತ ಸ್ನಾಯು ಭಾರ ಅನ್ನುವ ಮಾತು ನೀವೆಲ್ಲ ಕೇಳಿರುತ್ತೀರಿ. ಒಂದು ಕೆಜಿ ಯಾವುದಾದರೂ ಒಂದೇ ಕೆಜಿ. ವ್ಯತ್ಯಾಸ ಇರುವುದು ಗಾತ್ರದಲ್ಲಿ. ಒಂದು ಲೀಟರ್ ಕೊಬ್ಬು ಸುಮಾರು 0.9 ಕೆಜಿ ತೂಗಿದರೆ ಒಂದು ಲೀಟರ್ ಸ್ನಾಯು 1.06 ಕೆಜಿ. ಅಷ್ಟೇ ತೂಕಕ್ಕೆ ಸ್ನಾಯು ಕಡಿಮೆ ಜಾಗ ಹಿಡಿಯುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಆಲ್ಬರ್ಟ್ ಬೆನ್ಕೆ ಅನ್ನುವ ಅಮೆರಿಕದ ನೌಕಾಪಡೆಯ ವೈದ್ಯ 25 ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ನೀರಿನಲ್ಲಿ ಮುಳುಗಿಸಿ ತೂಗಿದ. ಎತ್ತರ ತೂಕದ ಪಟ್ಟಿಯ ಪ್ರಕಾರ ಅವರಲ್ಲಿ 17 ಜನ ಅತಿತೂಕದವರು, ಸೈನ್ಯಕ್ಕೆ ನಾಲಾಯಕ್ಕು. ನೀರಿನ ಲೆಕ್ಕದಲ್ಲಿ ಅವರ ಮೈಯಲ್ಲಿ ಕೊಬ್ಬು ತೀರಾ ಕಡಿಮೆ ಇತ್ತು. 1942ರಲ್ಲೇ ಪ್ರಕಟವಾದ ವಿಷಯ ಇದು. ಅದಾಗಿ ಎಂಬತ್ತು ವರ್ಷ ದಾಟಿದರೂ ನಾವು ಪಟ್ಟಿ ನೋಡುವುದನ್ನು ಬಿಟ್ಟಿಲ್ಲ.

ಇನ್ನು ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ಊಟ ಮಾತ್ರ ಕಡಿಮೆ ಮಾಡಿ, ಮೈಗೆ ಬಲದ ಕೆಲಸ ಕೊಡದೆ ತೂಕ ಇಳಿಸಿದರೆ ಇಳಿದದ್ದರಲ್ಲಿ ಒಂದು ಪಾಲು ಸ್ನಾಯುವೇ ಆಗಿರುತ್ತದೆ. ತೂಕ ಇಳಿಸುವ ಚುಚ್ಚುಮದ್ದು ತೆಗೆದುಕೊಳ್ಳುವವರಿಗೂ ಈ ಮಾತು ಸಲ್ಲುತ್ತದೆ. ಕೊಬ್ಬು ಹೋದರೂ ಸ್ನಾಯು ಹೋದರೂ ಯಂತ್ರ ಒಂದೇ ರೀತಿ ಶಹಬ್ಬಾಸ್ ಅನ್ನುತ್ತದೆ. ಅದಕ್ಕೇ ಬಲವನ್ನು ಬೇರೆಯಾಗಿ ಅಳೆಯಬೇಕು. ಕೈಯಿಲ್ಲದ, ಜರುಗದ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಪೂರ್ತಿ ಎದ್ದು ನಿಲ್ಲಿ, ಪೂರ್ತಿ ಕೂರಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಆಯಿತು ಅಂತ ಎಣಿಸಿ. ಅರವತ್ತು ದಾಟಿದವರ ಕಾಲಿನ ಬಲ ನೋಡಲು ರೂಪಿಸಿದ ಪರೀಕ್ಷೆ ಇದು, ಆದರೆ ತನ್ನನ್ನು ತನ್ನ ಜತೆಯೇ ಹೋಲಿಸಿಕೊಳ್ಳಲು ಯಾವ ವಯಸ್ಸಿನವರಿಗೂ ಆದೀತು. ತೂಕ ಇಳಿಯುತ್ತಾ ಈ ಎಣಿಕೆ ಏರಿದರೆ ನನಗೆ ಹಬ್ಬ. ತೂಕದ ಜತೆಗೆ ಇದೂ ಇಳಿದರೆ ಅವರ ದಾರಿಯನ್ನು ಅಲ್ಲಿಗೇ ತಡೆಯುತ್ತೇನೆ.

ಏದುಸಿರಿಗೂ ಅಳತೆ ಇದೆ. ಒಂದೇ ಮೆಟ್ಟಿಲ ಸಾಲು, ಒಂದೇ ವೇಗ. ಮೇಲೆ ತಲುಪಿದ ಕೂಡಲೇ ನಾಡಿ ಎಣಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಮೈ ಪಳಗಿದಂತೆ ಎರಡನೇ ಎಣಿಕೆ ಬೇಗ ಬೇಗ ಇಳಿಯುತ್ತದೆ. ಮಂಡಿಯ ಲೆಕ್ಕವಂತೂ ನನಗೆ ತುಂಬ ಇಷ್ಟ. ಮಂಡಿ ಸವೆತವಿದ್ದ, ದಪ್ಪ ಮೈಯ ಹಿರಿಯರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಳಿದ ಪ್ರತಿ ಕೆಜಿಗೆ ಒಂದೊಂದು ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ನಾಲ್ಕು ಕೆಜಿಯಷ್ಟು ತಗ್ಗಿತ್ತು. ಮೊದಲು ಹೇಳಿದ ಆ ಹೆಂಗಸಿನ ಒಂದೂವರೆ ಕೆಜಿ ನೆನಪಿದೆಯಾ? ಹೆಜ್ಜೆಗೆ ಆರು ಕೆಜಿ. ದಿನಕ್ಕೆ ಎಷ್ಟು ಹೆಜ್ಜೆ ಅಂತ ಗುಣಿಸಿ ತೋರಿಸಿದೆ. ಅವರು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು, ಹಾಳೆಯನ್ನು ಮಡಚಿ ಪರ್ಸಿನೊಳಗೆ ಇಟ್ಟುಕೊಂಡರು.

ರಕ್ತದ ಪರೀಕ್ಷೆಯ ಮಾತನ್ನು ಬೇಗ ಮುಗಿಸುತ್ತೇನೆ, ಅದು ನಿಮ್ಮ ವೈದ್ಯರ ಕ್ಷೇತ್ರ. ಎಚ್‌ಬಿಎ1ಸಿ, ಅಂದರೆ ಕೆಂಪು ರಕ್ತಕಣದಲ್ಲಿ ಅಂಟಿಕೊಂಡ ಸಕ್ಕರೆಯನ್ನು ಅಳೆಯುವ ಪರೀಕ್ಷೆ, ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಕಥೆ ಹೇಳುತ್ತದೆ, ಏಕೆಂದರೆ ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಮೂರು ವಾರಕ್ಕೇ ಮತ್ತೆ ಮಾಡಿಸಿದರೆ ಹಳೆಯ ಕಥೆಯೇ ಅರ್ಧಕ್ಕಿಂತ ಹೆಚ್ಚು ಕೇಳುತ್ತದೆ. ಎಷ್ಟು ಇಳಿದರೆ ಪ್ರಯೋಜನ ಅನ್ನುವವರಿಗೆ ಒಂದು ಸಂಗತಿ: ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಟ್ಟುಕೊಂಡ ಗುರಿ ಮೈತೂಕದ ಶೇಕಡಾ 7, ಜತೆಗೆ ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ. ಆ ಗುಂಪಿನಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು ಶೇಕಡಾ 58ರಷ್ಟು ತಗ್ಗಿತು. 80 ಕೆಜಿ ಇರುವವರಿಗೆ ಶೇಕಡಾ 7 ಅಂದರೆ 5.6 ಕೆಜಿ. ಫೋಟೊದಲ್ಲಿ ಅಷ್ಟೇನೂ ಕಾಣದ ಇಳಿಕೆ.

ಇಲ್ಲಿ ನನ್ನ ಮನೆಯ ವಿಷಯ ಒಂದನ್ನು ಹೇಳಲೇಬೇಕು. ಎಷ್ಟೋ ವರ್ಷದ ಹಿಂದೆ ನಮ್ಮ ಅಪ್ಪ ಮೂರು ತಿಂಗಳಲ್ಲಿ ಏಳು ಕೆಜಿ ಇಳಿದರು. ಅವರು ಇಳಿಸಲು ಹೊರಟವರೇ ಅಲ್ಲ. ನೋಡಿದವರೆಲ್ಲ ಚೆನ್ನಾಗಿ ಕಾಣ್ತೀರಿ, ಏನು ಮಾಡಿದಿರಿ ಅಂತ ಕೇಳುತ್ತಿದ್ದರು. ನಾನೂ ಫೋನಿನಲ್ಲಿ "ಭೇಷ್ ಅಪ್ಪಾ" ಅಂದೆ. ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು, "ರಾತ್ರಿ ನಾಲ್ಕು ಸಲ ಏಳ್ತಾರೆ ಕಣೇ. ಬಾಯಿ ಒಣಗುತ್ತೆ ಅಂತ ಚೊಂಬುಗಟ್ಟಲೆ ನೀರು ಕುಡೀತಾರೆ." ಮಾರನೇ ದಿನ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆ, ಕೈಮೀರುವ ಹಂತದಲ್ಲಿ. ರಕ್ತದಲ್ಲಿರುವ ಸಕ್ಕರೆಯನ್ನು ಬಳಸಲಾಗದ ಮೈ ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸಿ ತಿನ್ನುತ್ತಿತ್ತು. ಅದನ್ನು ನಾನು ಹೊಗಳಿದ್ದೆ. ಚಿಕಿತ್ಸೆ ಶುರುವಾದ ಮೇಲೆ ಅಪ್ಪನ ತೂಕ ನಾಲ್ಕು ಕೆಜಿ ಏರಿತು. ನಮ್ಮ ಮನೆಯಲ್ಲಿ ತೂಕ ಏರಿದ್ದಕ್ಕೆ ಎಲ್ಲರೂ ಕಣ್ಣೊರೆಸಿಕೊಂಡು ನಕ್ಕದ್ದು ಅದೊಂದೇ ಸಲ. ಇಳಿಸುವ ಪ್ರಯತ್ನ ಇಲ್ಲದೆ ಆರರಿಂದ ಹನ್ನೆರಡು ತಿಂಗಳಲ್ಲಿ ಮೈತೂಕದ ಶೇಕಡಾ 5ಕ್ಕಿಂತ ಹೆಚ್ಚು ಇಳಿದರೆ, ಅಂದರೆ 70 ಕೆಜಿಯವರಿಗೆ ಮೂರೂವರೆ ಕೆಜಿ, ದಯವಿಟ್ಟು ವೈದ್ಯರನ್ನು ನೋಡಿ. ಯಾಕೆ ಇಳಿಯಿತು ಅನ್ನುವುದು ಯಂತ್ರಕ್ಕೆ ಗೊತ್ತಿಲ್ಲ.

ಪ್ರಯತ್ನಪಟ್ಟು ಇಳಿಸುವಾಗಲೂ ಇದೇ ಮಾತು. 1944ರ ಕೊನೆಗೆ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರಿಗೆ, ಅವರೇ ಒಪ್ಪಿ ಮುಂದೆ ಬಂದವರಿಗೆ, 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದ. ಯುದ್ಧದಿಂದ ಹಸಿದವರನ್ನು ಮತ್ತೆ ಉಣಿಸುವುದು ಹೇಗೆ ಅಂತ ತಿಳಿಯಲು. ಅವರ ಮೈತೂಕದಲ್ಲಿ ಕಾಲು ಭಾಗ ಹೋಯಿತು. ಯಂತ್ರದ ಲೆಕ್ಕದಲ್ಲಿ ಇದಕ್ಕಿಂತ ಗೆಲುವಿಲ್ಲ. ಬಲ ಕುಸಿಯಿತು, ಸದಾ ಚಳಿ, ನಾಡಿ ನಿಧಾನ, ಹಗಲಿರುಳು ಊಟದ್ದೇ ಧ್ಯಾನ, ಮನಸ್ಸಿಗೆ ಮಂಕು. ಕಾಲು ಊದಿಕೊಂಡು ನೀರು ತುಂಬಿತು. ಇದೇ ಕೀಸ್ 1972ರಲ್ಲಿ, ಹತ್ತೊಂಬತ್ತನೇ ಶತಮಾನದ ಕೆಟಲೆ ಅನ್ನುವ ಗಣಿತಜ್ಞನ ಹಳೆಯ ಸೂತ್ರಕ್ಕೆ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕಕ್ಕೆ, ಬಿಎಂಐ ಅಂತ ಹೆಸರಿಟ್ಟವನು. ಜನಸಮೂಹವನ್ನು ಅಳೆಯಲು ಹುಟ್ಟಿದ ಆ ಸೂತ್ರವನ್ನು ನಾವು ಒಬ್ಬೊಬ್ಬರ ಹಣೆಗೂ ಅಂಟಿಸಿದ್ದೇವೆ. ತುಂಬ ಬೇಗ ಇಳಿಸುತ್ತಿರುವವರು ತೂಕದ ಪಕ್ಕದಲ್ಲಿ ಮೂರು ವಿಷಯ ಬರೆದುಕೊಳ್ಳಿ: ನಿದ್ದೆ ಬಂತಾ, ಚಳಿ ಕಾಡುತ್ತಾ, ಕಾರಣವಿಲ್ಲದೆ ಸಿಟ್ಟು ಬರುತ್ತಾ.

ಮುಗಿಸುವ ಮುಂಚೆ ಗಡಿಯಾರದ ಮಾತು. ನೀರು ಗಂಟೆಗಳಲ್ಲಿ ಬದಲಾಗುತ್ತದೆ. ಏದುಸಿರು ಎರಡು ಮೂರು ವಾರದಲ್ಲಿ ಕಡಿಮೆಯಾಗತೊಡಗುತ್ತದೆ, ಬಹಳ ಜನರಿಗೆ ಮೊದಲು ಕಾಣುವ ಬದಲಾವಣೆ ಅದೇ. ತೂಕದ ಸರಾಸರಿಗೆ ನಾಲ್ಕು ವಾರ, ಟೇಪಿಗೆ ನಾಲ್ಕರಿಂದ ಆರು ವಾರ, ಕುರ್ಚಿಯ ಎಣಿಕೆಗೆ ಆರರಿಂದ ಎಂಟು, ರಕ್ತಕ್ಕೆ ಮೂರು ತಿಂಗಳು ಕೊಡಿ. ನಾನು ನನ್ನ ಹತ್ತಿರ ಬರುವವರ ಪುಸ್ತಕದಲ್ಲಿ ಈ ತಾರೀಖುಗಳನ್ನು ಮೊದಲ ದಿನವೇ ಬರೆದುಕೊಡುತ್ತೇನೆ. ಆ ತಾರೀಖು ಬರುವ ತನಕ ಆ ಪ್ರಶ್ನೆ ಕೇಳುವ ಹಾಗಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ಹುಡುಗ ಕೇಳಿದ: ಕೈಗೆ ಕಟ್ಟುವ ಸ್ಮಾರ್ಟ್ ವಾಚ್ ಎಷ್ಟು ಕ್ಯಾಲೊರಿ ಖರ್ಚಾಯಿತು ಅಂತ ತೋರಿಸುತ್ತದಲ್ಲ, ನಂಬಬಹುದಾ?

ನಾಡಿ ಬಡಿತವನ್ನು ಅವು ಸುಮಾರು ಚೆನ್ನಾಗಿಯೇ ಎಣಿಸುತ್ತವೆ. ಕ್ಯಾಲೊರಿಯ ವಿಷಯ ಹಾಗಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ವಾಚುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಅತ್ಯುತ್ತಮವಾದದ್ದೂ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು. 400 ಖರ್ಚಾಯಿತು ಅಂತ ತೋರಿಸಿದ್ದನ್ನು ನಂಬಿ 400 ಹೆಚ್ಚಿಗೆ ತಿಂದರೆ ಲೆಕ್ಕ ಕೈಕೊಡುತ್ತದೆ. ಹೆಜ್ಜೆ ಎಣಿಸಲು, ಎಷ್ಟು ದಿನ ನಡೆದೆ ಅಂತ ನೋಡಲು ಇಟ್ಟುಕೊ.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು: ಒಂದು ತಿಂಗಳಿಂದ ತೂಕ ನಿಂತೇ ಹೋಗಿದೆ. ಕೊಬ್ಬು ಹೋಗಿ ಸ್ನಾಯು ಬೆಳೀತಿದೆ ಅಂತ ಜಿಮ್ಮಿನಲ್ಲಿ ಹೇಳುತ್ತಾರೆ. ನಿಜಾನಾ?

ಟೇಪು ಏನು ಹೇಳುತ್ತೆ ಅಂತ ಕೇಳಿದೆ. ಅದೂ ನಿಂತಿದೆ ಅಂದರು. ಪ್ಯಾಂಟು? ಅದೂ ಅಷ್ಟೇ. ಎತ್ತುವ ಭಾರ? ಅದೂ ಅಷ್ಟೇ. ಹಾಗಾದರೆ ಅಮ್ಮಾ, ಕೊಬ್ಬು ಕರಗುತ್ತಿಲ್ಲ, ಸ್ನಾಯುವೂ ಬೆಳೆಯುತ್ತಿಲ್ಲ. ನಾನು ಬೇರೆ ಬೇರೆ ಅಳತೆ ಹೇಳಿದ್ದು ನಮಗೆ ಹಿಡಿಸುವ ಉತ್ತರವನ್ನು ಆರಿಸಿಕೊಳ್ಳಲಿ ಅಂತ ಅಲ್ಲ. ಟೇಪು ಇಳಿದು ತೂಕ ನಿಂತಿದ್ದರೆ ನಿಮ್ಮ ಜಿಮ್ಮಿನವರ ಮಾತು ಸರಿ ಅನ್ನುತ್ತಿದ್ದೆ. ನಾಲ್ಕು ವಾರದ ಸರಾಸರಿ, ಟೇಪು, ಪ್ಯಾಂಟು ಎಲ್ಲವೂ ಒಂದೇ ಮಾತು ಹೇಳುತ್ತಿವೆ ಅಂದಮೇಲೆ ಅದನ್ನು ಒಪ್ಪಿಕೊಳ್ಳಬೇಕು. ಹಗುರಾದ ಮೈಗೆ ಮೊದಲಿನಷ್ಟು ಊಟ ಬೇಡ, ಮತ್ತು ಕೈ ಅಳತೆ ತಿಂಗಳು ಕಳೆದಂತೆ ತಾನಾಗಿ ಹಿಗ್ಗುತ್ತದೆ. ಒಂದು ವಾರ ತಿಂದದ್ದನ್ನೆಲ್ಲ ಬರೆದಿಟ್ಟು ನೋಡಿ. ಇಷ್ಟರವರೆಗೆ ಇಳಿಸಿದ್ದನ್ನು ಒಂದು ತಿಂಗಳು ಉಳಿಸಿಕೊಂಡಿದ್ದೀರಲ್ಲ, ಅದು ಬಹಳ ಕಷ್ಟದ ಕೆಲಸ, ಅದನ್ನೂ ಬರೆದಿಡಿ.

ಕೊನೆಯದಾಗಿ ಒಬ್ಬ ಹಿರಿಯರು: ಪಕ್ಕೆಲುಬಿನ ಅಂಚು ಹುಡುಕಿ ಅಂದಿರಿ. ನನಗೆ ಕೈಗೆ ಸಿಗೋದೇ ಇಲ್ಲವಲ್ಲಮ್ಮ.

ಮೊದಮೊದಲು ಬಹಳ ಜನರಿಗೆ ಸಿಗುವುದಿಲ್ಲ ಸರ್. ಬೆನ್ನ ಮೇಲೆ ಮಲಗಿ ಉಸಿರು ಪೂರ್ತಿ ಒಳಗೆ ಎಳೆದುಕೊಳ್ಳಿ, ಪಕ್ಕದಲ್ಲಿ ಬೆರಳು ಮೆಲ್ಲಗೆ ಒತ್ತುತ್ತಾ ಕೆಳಗೆ ಜಾರಿಸಿ, ಗಟ್ಟಿ ಎಲ್ಲಿ ಮುಗಿಯುತ್ತದೋ ಅದೇ ಅಂಚು. ಅಲ್ಲೊಂದು ಪೆನ್ನಿನ ಗುರುತು ಹಾಕಿ, ಸೊಂಟದ ಮೂಳೆಯ ಮೇಲೊಂದು ಹಾಕಿ, ಆಮೇಲೆ ಎದ್ದು ನಿಂತು ನಡುವೆ ಟೇಪು ಸುತ್ತಿ. ಆಗಲೂ ಸಿಗದಿದ್ದರೆ ಹೊಕ್ಕುಳ ಮಟ್ಟದಲ್ಲಿ ಅಳೆಯಿರಿ. ಆ ಸಂಖ್ಯೆಯನ್ನು ನಾನು ಹೇಳಿದ 90, 80ರ ಗೆರೆಗಳಿಗೆ ಹೋಲಿಸಬೇಡಿ, ನಿಮ್ಮದೇ ಹೋದ ತಿಂಗಳಿನದಕ್ಕೆ ಹೋಲಿಸಿ. ಬಟ್ಟೆಯ ಟೇಪು ಬಳಸಿ ಬಳಸಿ ಉದ್ದವಾಗಿರುತ್ತದೆ, ಶುರುಮಾಡುವ ಮುಂಚೆ ಉಕ್ಕಿನ ಪಟ್ಟಿಯ ಪಕ್ಕ ಇಟ್ಟು ಒಮ್ಮೆ ನೋಡಿಕೊಳ್ಳಿ.